ಮೂರನೆಯ ಶಾಲೆ

"ಇನ್ನೊಂದು ಹಲಗೆ ಕಿತ್ರೆ ನೋಡಿ ಸಾಹೇಬ್ರೇ, ಈ ಕೆಟಲ್ ನೀರನ್ನ ನಿಮ್ಮ ಬೂಟಿನೊಳಗೇ ಸುರೀತೀನಿ!"

ಡಾಟ್ ಬರೀ ಬಾಯಿಮಾತಿಗೆ ಹೇಳುವ ಹೆಂಗಸಲ್ಲ. ಕೆಟಲ್ ಅವಳ ಕೈಯಲ್ಲೇ ಇತ್ತು, ಅದರ ಮೂತಿಯಿಂದ ಹಬೆ ಏಳುತ್ತಿತ್ತು. ಇನ್ಸ್‌ಪೆಕ್ಟರ್ ಗೋಫ್ ಅರ್ಧ ಎಬ್ಬಿಸಿದ್ದ ಹಲಗೆಯನ್ನು ಮೆಲ್ಲಗೆ ಕೆಳಗಿಟ್ಟು ನನ್ನ ಕಡೆ ನೋಡಿದರು.

ಟೀ ಅಂಗಡಿಯ ನೆಲದಡಿ ಸಿಕ್ಕಿದ್ದು ಒಂದು ಗಾಜಿನ ಗೋಲಿ, ಮುರಿದ ಬಳಪ, ಯಾವ ಕಾಲದ್ದೋ ಒಂದು ಮಗುವಿನ ಕೈಗವಸು. ಲೆನರ್ಡ್ ಬ್ರೂಮ್ ಸಿಗಲಿಲ್ಲ.

ಭಾನುವಾರ ಬೆಳಿಗ್ಗೆ ಸಲಕರಣೆ ಚೀಲ ಹೆಗಲಿಗೇರಿಸಿ ಹೊರಟ ಕಟ್ಟಡದ ಮೇಸ್ತ್ರಿ ಲೆನರ್ಡ್ ಗುರುವಾರವಾದರೂ ಮನೆ ಸೇರಿರಲಿಲ್ಲ. ಅವನು "ಶಾಲೆಯೊಳಗೆ ಹೋದದ್ದನ್ನು" ಕಂಡೆನೆಂದು ಮುದುಕಿ ಮಿಸೆಸ್ ಟಕೆಟ್ ಹೇಳಿಕೆ ಕೊಟ್ಟಿದ್ದರು.

ತೊಂದರೆ ಏನೆಂದರೆ, ನಮ್ಮ ಹ್ಯಾಸಲ್‌ಕೋಟ್‌ನಲ್ಲಿ ಈಗ ಶಾಲೆಯೇ ಇಲ್ಲ. ಮಕ್ಕಳು ಬಸ್ಸು ಹತ್ತಿ ಪಕ್ಕದೂರಿಗೆ ಹೋಗುತ್ತಾರೆ. ಶಾಲೆಯಾಗಿದ್ದ ಇಟ್ಟಿಗೆ ಕಟ್ಟಡದಲ್ಲಿ ಈಗ ಡಾಕ್ಟರ ದವಾಖಾನೆ ಇದೆ. ಅದನ್ನು ಮಂಗಳವಾರವೇ ಜಾಲಾಡಿದ್ದೆವು. ಅದಕ್ಕೂ ಮುಂಚೆ ಶಾಲೆಯಾಗಿದ್ದದ್ದು ಈ ಕಲ್ಲಿನ ಕಟ್ಟಡ. ಮಾಡಿನ ಮೇಲೆ ಗಂಟೆಗೂಡು ಇನ್ನೂ ಇದೆ, ಒಳಗೆ ಡಾಟ್‌ಳ ಟೀ ಅಂಗಡಿ.

"ಲೇನ್," ಗೋಫ್ ನನ್ನನ್ನು ಪಕ್ಕಕ್ಕೆ ಕರೆದರು. "ನಿಮ್ಮ ಊರಲ್ಲಿ ಒಂದಾದ್ರೂ ಕಟ್ಟಡ ತನ್ನ ಹೆಸರಿಗೆ ತಕ್ಕ ಕೆಲಸ ಮಾಡ್ತಾ ಇದೆಯೇನ್ರೀ?"

"ಚರ್ಚು ಇದೆ ಸಾರ್."

"ಅದೊಂದೇನಾ?"

"ಪಬ್ಬೂ ಇದೆ. ಆದ್ರೆ ಊರವರು ಅದನ್ನ ಕಮ್ಮಾರಸಾಲೆ ಅಂತಾರೆ. ಕಮ್ಮಾರ ಸತ್ತು ಮೂವತ್ತು ವರ್ಷ ಆಯ್ತು."

"ಮತ್ತೆ ಪೊಲೀಸ್ ಮನೆ?"

"ಹೆಂಗಸರ ಕ್ಷೌರದಂಗಡಿ ಸಾರ್. ಲಾಕಪ್ಪಿನಲ್ಲಿ ತಲೆಗೂದಲು ಒಣಗಿಸೋ ಯಂತ್ರ ಇಟ್ಟಿದ್ದಾರೆ."

ಅವರು ಪಟ್ಟಣದವರು. ನಾನು, ಹೆಸ್ಟರ್ ಲೇನ್, ಈ ಊರಿಗೆ ಕಾನ್‌ಸ್ಟೇಬಲ್ ಆಗಿ ಬಂದು ಹನ್ನೆರಡು ವರ್ಷವಾಯಿತು. ನನಗೂ ಕೆಲವು ಸಲ ಗೊಂದಲವಾಗುತ್ತದೆ ಎಂದು ಅವರೆದುರು ಒಪ್ಪಿಕೊಳ್ಳಲು ನಾಚಿಕೆಯಾಯಿತು.

ಗೋಫ್‌ಗೆ ಡಾಟ್ ಮೇಲೆ ಸಂಶಯ. ಅದಕ್ಕೆ ಕಾರಣವೂ ಇತ್ತು. ಊರಿನ ಅರ್ಧ ಹಳೆಯ ಕಟ್ಟಡಗಳ ಒಳಗನ್ನು ಬದಲಾಯಿಸಿದವನು ಲೆನರ್ಡ್. ಈ ಟೀ ಅಂಗಡಿಯನ್ನು ಒಡೆದು ಎರಡು ಮನೆ ಮಾಡಲು ಮಾಲೀಕರು ಅವನಿಗೇ ಹೇಳಿದ್ದರು. ಕ್ರಿಸ್‌ಮಸ್ ಹೊತ್ತಿಗೆ ಡಾಟ್ ಜಾಗ ಖಾಲಿ ಮಾಡಬೇಕಿತ್ತು.

"ಅವನ ಮೇಲೆ ಸಿಟ್ಟಿತ್ತೋ ಇಲ್ವೋ?" ಗೋಫ್ ಅವಳ ಕಡೆ ತಿರುಗಿ ಕೇಳಿದರು.

"ಇತ್ತು. ಇದೆ. ಸಿಕ್ಕಿದ್ರೆ ಅವನ ಕಿವಿ ಹಿಂಡ್ತೀನಿ. ಆದ್ರೆ ಮೊದಲು ಅವನು ಸಿಗಬೇಕಲ್ಲ!" ಡಾಟ್ ಕೆಟಲ್ ಒಲೆಯ ಮೇಲೆ ಕುಕ್ಕಿ, ಮುಖ ಆಚೆ ತಿರುಗಿಸಿದಳು. "ಪಾಪ, ಆಯಮ್ಮನ್ನ ನೋಡಿ. ಬೆಳಿಗ್ಗೆಯಿಂದ ಒಂದು ಸ್ಕೋನ್ ಬನ್ನೂ ಮುಟ್ಟಿಲ್ಲ."

ಮೂಲೆಯ ಮೇಜಿನಲ್ಲಿ ಲೆನರ್ಡ್‌ನ ಅಕ್ಕ ಮಿಸ್ ಫ್ಲೋರಾ ಬ್ರೂಮ್ ಟೋಪಿ ತೆಗೆಯದೆ ಕೂತಿದ್ದರು. ಅರವತ್ತರ ಹತ್ತಿರದ ಅವಿವಾಹಿತೆ, ಚರ್ಚಿನಲ್ಲಿ ಆರ್ಗನ್ ನುಡಿಸುವವರು, ತಮ್ಮನ ಜೊತೆ ಒಂದೇ ಮನೆಯಲ್ಲಿ ಬಾಳು ಕಳೆದವರು. ನಾಲ್ಕು ದಿನದಿಂದ ನಾವು ಯಾವ ಕಟ್ಟಡದ ಬಾಗಿಲು ತೆಗೆದರೂ ಅವರು ಎಲ್ಲೋ ಹತ್ತಿರದಲ್ಲಿ ಕಾಣಿಸುತ್ತಿದ್ದರು.

"ಮಿಸ್ ಫ್ಲೋರಾ, ಹೊರಡುವಾಗ ಲೆನರ್ಡ್ ನಿಮಗೆ ಏನು ಹೇಳಿದ್ರು? ಇನ್ನೊಂದು ಸಲ ನೆನಪಿಸ್ಕೊಳ್ಳಿ," ಅಂದೆ.

"'ಒಂದು ಸಣ್ಣ ಕೆಲಸ ಮುಗಿಸಿ ಬರ್ತೀನಿ' ಅಂದ. ಅಷ್ಟೇ ಹೆಸ್ಟರ್. ನನಗೆ ಚರ್ಚಿನ ಸುಗ್ಗಿ ಪ್ರಾರ್ಥನೆಗೆ ಹೊತ್ತಾಗಿತ್ತು." ಆರಿದ ಚಹಾವನ್ನು ಚಮಚದಿಂದ ತಿರುವುತ್ತಲೇ ಇದ್ದರು. "ಅವನನ್ನ ಹುಡುಕೋದು ಯಾವಾಗ ನಿಲ್ಲಿಸ್ತೀರಿ?"

ವಿಚಿತ್ರ ಪ್ರಶ್ನೆ. ಯಾವಾಗ ಸಿಗುತ್ತಾನೆ ಎಂದು ಕೇಳಬೇಕಾದವರು ಬಾಯಿತಪ್ಪಿ ಹಾಗೆ ಕೇಳಿರಬೇಕು ಅಂದುಕೊಂಡೆ.

*

"ಬಾರೇ ಹೆಸ್ಟರ್. ಬಾಗಿಲು ಹಾಕ್ಕೊಂಡು ಬಾ, ಚಳಿಗಾಳಿ ಬರುತ್ತೆ. ಯಾರೇ ಇವನು? ಆವತ್ತಿನ ಗಡಿಬಿಡಿ ಗಂಡಸೇ?"

ಮಿಸೆಸ್ ಟಕೆಟ್ ಪ್ಲಾಸ್ಟರ್ ಹಾಕಿದ ಕಾಲನ್ನು ಮಣೆಯ ಮೇಲೆ ನೀಡಿಕೊಂಡು ಕಿಟಕಿಯ ಪಕ್ಕ ಕೂತಿದ್ದರು. ತೊಡೆಯ ಮೇಲೆ ಬೆಕ್ಕು. ಗೋಫ್ ತಮ್ಮ ಹ್ಯಾಟು ತೆಗೆದು ನಿಂತೇ ಇದ್ದರು, ಯಾಕೆಂದರೆ ಉಳಿದ ಕುರ್ಚಿಯ ಮೇಲೆ ಇನ್ನೊಂದು ಬೆಕ್ಕು ಮಲಗಿತ್ತು.

"ಭಾನುವಾರ ನೀವು ಎಲ್ಲಿ ಕೂತಿದ್ರಿ ಅಮ್ಮಾ?" ನಾನು ಕೇಳಿದೆ.

"ಇನ್ನೆಲ್ಲಿ? ಇಲ್ಲೇ. ಈ ಕಾಲಿಟ್ಕೊಂಡು ಕುಣಿಯೋಕೆ ಹೋಗಿದ್ನೇನೆ?"

ಕಿಟಕಿಯ ಹತ್ತಿರ ಹೋಗಿ ಅವರ ತಲೆಯ ಮಟ್ಟಕ್ಕೆ ಬಗ್ಗಿ ಹೊರಗೆ ನೋಡಿದೆ. ಎದುರಿಗೆ ಓಣಿ, ಹಾಥಾರ್ನ್ ಮುಳ್ಳುಬೇಲಿ, ಅದರಾಚೆ ಒಂದು ಚೂಪು ಮಾಡು. ಇಲ್ಲಿಂದ ದವಾಖಾನೆ ಕಾಣುವುದಿಲ್ಲ. ಟೀ ಅಂಗಡಿಯೂ ಕಾಣುವುದಿಲ್ಲ. ಅವೆರಡೂ ಊರಿನ ಆ ತುದಿಯಲ್ಲಿವೆ.

ಅವರ ಹೇಳಿಕೆಯನ್ನು ಗೋಫ್ ಬರೆದುಕೊಂಡದ್ದು ದವಾಖಾನೆಯಲ್ಲಿ, ಅವರು ಪ್ಲಾಸ್ಟರ್ ತೋರಿಸಲು ಹೋಗಿದ್ದಾಗ. 'ಶಾಲೆ' ಎಂದೊಡನೆ ಅಲ್ಲಿದ್ದವರೆಲ್ಲ ಸುತ್ತಲಿನ ಗೋಡೆಗಳನ್ನೇ ನೋಡಿದ್ದೆವು. ಈ ಕಿಟಕಿಯಿಂದ ಹೊರಗೆ ನೋಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ನನಗೂ ಸಹ.

"ಅಮ್ಮಾ, ಲೆನರ್ಡ್ ಹೋದ ಶಾಲೆ ಯಾವುದು? ಬೆರಳು ಮಾಡಿ ತೋರಿಸಿ."

ಅವರು ನನ್ನನ್ನು ಮಂಕು ಹುಡುಗಿಯನ್ನು ನೋಡುವಂತೆ ನೋಡಿ, ಆ ಚೂಪು ಮಾಡಿನ ಕಡೆ ಬೆರಳು ಮಾಡಿದರು.

"ಅದು ಬ್ಯಾಪ್ಟಿಸ್ಟ್ ಪಂಗಡದವರ ಚಾಪೆಲ್ಲು, ಪ್ರಾರ್ಥನೆ ಮನೆ!" ಗೋಫ್ ಹೆಚ್ಚುಕಡಿಮೆ ಕೂಗಿದರು. "ಚಾಪೆಲ್ ಕೂಡ ಅಲ್ಲ, ಈಗ ಆ ಕುಂಬಾರನ ಕಾರ್ಖಾನೆ!"

"ನಿನಗೆ ಚಾಪೆಲ್ಲು. ಇನ್ಯಾರಿಗೋ ಮಡಕೆ ಅಂಗಡಿ. ಯುದ್ಧ ಶುರುವಾದಾಗ ಬಾಂಬಿಗೆ ಹೆದರಿ ಲಂಡನ್ನಿನಿಂದ ರೈಲು ತುಂಬ ಮಕ್ಕಳನ್ನ ಕಳಿಸಿದ್ರಲ್ಲ, ಅವರನ್ನೆಲ್ಲ ಎಲ್ಲಿ ಕೂರಿಸೋದು? ಊರ ಶಾಲೇಲಿ ಜಾಗ ಇರಲಿಲ್ಲ. ಚಾಪೆಲ್ ಬಾಗಿಲು ತೆಗೆಸಿದ್ರು. ನಾನೇ ಟೀಚರು. ಅಮ್ಮಂದಿರನ್ನ ಬಿಟ್ಟು ಬಂದಿದ್ದ ಮಕ್ಕಳು, ಮಗ್ಗಿ ಹೇಳ್ತಾ ಹೇಳ್ತಾನೇ ಅಳೋವು."

"ಅದು ನಲವತ್ತು ವರ್ಷಕ್ಕೂ ಹಿಂದಿನ ಮಾತಮ್ಮಾ!" ಗೋಫ್ ಅಂದರು.

"ಆಮೇಲೆ ಮದುವೆ ಆಯ್ತು, ಕೆಲಸ ಬಿಡಿಸಿದ್ರು. ನಾನು ಕಲಿಸಿದ್ದು ಅದೊಂದೇ ಕಡೆ. ನನಗೆ ಅದೇ ಶಾಲೆ." ಗೋಫ್ ಕಡೆ ತಿರುಗಿದರು. "ಹೇಳ್ಲಿಲ್ವೇನಯ್ಯಾ ನಾನು, ಶಾಲೆ ಅಂತ? ಸರಿಯಾಗೇ ಹೇಳಿದ್ದೆನಲ್ಲ?"

ಗೋಫ್ ಕೈಯಲ್ಲಿದ್ದ ಹ್ಯಾಟನ್ನು ತಿರುಗಿಸತೊಡಗಿದರು.

"ಸರಿಯಾಗೇ ಹೇಳಿದ್ರಿ," ಅಂದೆ. "ಮುಖ ಕಂಡಿತ್ತಾ?"

"ಬೆನ್ನು ಕಂಡೆ. ಚೀಲ ಕಂಡೆ. ಆ ಹಸಿರು ಕಾರ್ಡುರಾಯ್ ಕೋಟು ಕಂಡೆ. ಅದನ್ನ ಹಾಕ್ಕೊಳ್ಳೋರು ಊರಲ್ಲಿ ಇನ್ಯಾರಿದ್ದಾರೆ? ಹೊರಗೆ ಬಂದದ್ದನ್ನ ನೋಡಲಿಲ್ಲ. ಬೆಕ್ಕಿಗೆ ಹಾಲು ಹಾಕೋಕೆ ಎದ್ದೆ. ಕುಂಟ್ಕೊಂಡು ವಾಪಸ್ ಬರೋ ಹೊತ್ತಿಗೆ ಚರ್ಚು ಬಿಟ್ಟು ಜನ ಓಣಿ ತುಂಬಿದ್ರು." ಬೆಕ್ಕಿನ ಬೆನ್ನು ಸವರಿದರು. "ಅಲ್ಲಿ ಏನಾದ್ರೂ ಹುಡುಕೋದಾದ್ರೆ ನೋಡ್ಕೊಂಡು ಕಾಲಿಡ್ರಪ್ಪಾ. ಆ ಕೊಳಕ್ಕೆ ಯಾವ ಮಗು ಬೀಳುತ್ತೋ ಅಂತ ನಾನು ದಿನಾ ಹೆದರ್ತಿದ್ದೆ."

"ಕೊಳ?" ಗೋಫ್‌ ಕೈಯಲ್ಲಿದ್ದ ಹ್ಯಾಟು ತಿರುಗುವುದು ನಿಂತಿತು.

"ಬ್ಯಾಪ್ಟಿಸ್ಟರು ದೊಡ್ಡವರನ್ನ ಪೂರ್ತಿ ನೀರಲ್ಲಿ ಮುಳುಗಿಸಿ ದೀಕ್ಷೆ ಕೊಡ್ತಾರಲ್ಲ, ಅದಕ್ಕೆ. ಬೋಧನೆ ಮಾಡೋ ಪೀಠದ ಮುಂದೆ, ನೆಲದೊಳಗೇ ಇದೆ. ಇಳಿಯೋಕೆ ಮೆಟ್ಟಿಲೂ ಇದೆ. ಮೇಲೆ ಹಲಗೆ ಹಾಸಿ ಮುಚ್ಚಿರ್ತಾರೆ, ಗೊತ್ತಿಲ್ಲದವರಿಗೆ ಬರೀ ನೆಲ ಅನ್ಸುತ್ತೆ."

*

ಚಾಪೆಲ್ ಬಾಗಿಲು ತೆರೆದಿತ್ತು. ಒಳಗೆ ರೂಪರ್ಟ್ ಸ್ಲೇಡ್ ತಿಗರಿಯ ಮುಂದೆ ಕೂತು ಒದ್ದೆ ಮಣ್ಣಿನ ಮುದ್ದೆಗೆ ಆಕಾರ ಕೊಡುತ್ತಿದ್ದ. ಲಂಡನ್ನಿನಿಂದ ಬಂದು ಎರಡು ವರ್ಷವಾಗಿತ್ತು. ಗಡ್ಡದಲ್ಲಿ ಯಾವಾಗಲೂ ಮಣ್ಣು, ಮಾತಿನಲ್ಲಿ ಯಾವಾಗಲೂ ಅವಸರ.

"ಮತ್ತೆ ಬಂದ್ರಾ? ಮೊನ್ನೆ ಬಾಗಿಲಲ್ಲೇ ಹೇಳಿದ್ನಲ್ಲ, ಲೆನರ್ಡ್‌ನ ಹೋದ ತಿಂಗಳಿಂದ ನೋಡೇ ಇಲ್ಲ."

"ಹೇಳಿದ್ರಿ," ಗೋಫ್ ಅಂದರು. "ಈ ನೆಲದಡಿ ಏನಿದೆ?"

"ಏನಿರುತ್ತೆ? ಮಣ್ಣು."

ಅವನು ಸುಳ್ಳು ಹೇಳುತ್ತಿದ್ದಾನೆ ಅನ್ನಿಸಲಿಲ್ಲ. ಅದೇ ನನ್ನನ್ನು ಇನ್ನಷ್ಟು ಗಲಿಬಿಲಿಗೊಳಿಸಿತು. ಸುತ್ತ ನೋಡಿದೆ. ಗೋಡೆಗೆ ಒರಗಿಸಿದ ಕಪಾಟುಗಳಲ್ಲಿ ಹೂಜಿ, ಬಟ್ಟಲು. ಬೈಬಲ್ ವಾಕ್ಯ ಬರೆದಿದ್ದ ಗೋಡೆಯ ಕೆಳಗೆ ಕಬ್ಬಿಣದ ಆವಿಗೆ. ಬೇಸಿಗೆಯಲ್ಲಿ ಒಂದು ಮಗ್ಗು ಕೊಳ್ಳಲು ಬಂದಿದ್ದೆ. ಆಗ ಅವನು ಕಿಟಕಿಯ ಬೆಳಕಿನಲ್ಲಿ ಕೂತು ಕೆಲಸ ಮಾಡುತ್ತಿದ್ದ.

"ರೂಪರ್ಟ್, ತಿಗರಿ ಕಿಟಕಿ ಹತ್ರ ಇತ್ತಲ್ಲ? ಇಲ್ಲಿ ಕತ್ತಲಿಗೆ ಯಾಕೆ ತಂದ್ರಿ?"

ತಿರುಗುತ್ತಿದ್ದ ಮಡಕೆ ಅವನ ಕೈಯಲ್ಲಿ ಸೊಟ್ಟಗಾಯಿತು.

"ಕಣ್ಣಿಗೆ ಬಿಸಿಲು ಹೊಡೀತಿತ್ತು."

"ಅಕ್ಟೋಬರಿನಲ್ಲಾ?" ಗೋಫ್ ಮಂಡಿಯೂರಿ ಹಲಗೆಗಳ ಮೇಲೆ ಅಂಗೈ ಆಡಿಸಿದರು. ಬೆರಳ ಗೆಣ್ಣಿನಿಂದ ಬಡಿದರು. ಗೋಡೆ ಪಕ್ಕ ಬಡಿದಾಗ ಮಂದವಾದ ಸದ್ದು. ಪೀಠದ ಮುಂದೆ, ತಿಗರಿಯ ಸುತ್ತ, ಟೊಳ್ಳು. ಹಲಗೆಗಳು ಹಳತಾಗಿ ಕಪ್ಪಗಿದ್ದವು. ಅವುಗಳಲ್ಲಿ ಹಿತ್ತಾಳೆಯ ಹೊಸ ಸ್ಕ್ರೂಗಳು ಫಳಫಳ ಅನ್ನುತ್ತಿದ್ದವು.

"ಇವನ್ನ ಯಾರು ಹಾಕಿದ್ದು?"

"ನಾನೇ. ಹಲಗೆ ಹುಳ ಹಿಡಿದಿತ್ತು."

"ನಿಮ್ಮ ಸ್ಕ್ರೂಡ್ರೈವರ್ ಕೊಡಿ. ಬಿಚ್ಚಿ ನೋಡೋಣ."

ಸ್ಲೇಡ್ ಎದ್ದ. ಒಂದು ಡಬ್ಬ ತೆರೆದ, ಮುಚ್ಚಿದ. ಕಪಾಟಿನ ಕೆಳಗೆ ತಡಕಿದ. ಕೊನೆಗೆ ಊಟದ ಚಾಕು ಹಿಡಿದು ಬಂದ. ಅದನ್ನು ನೋಡಿ ನನಗೇ ನಾಚಿಕೆಯಾಯಿತು.

"ಇದರಲ್ಲಿ ಇಷ್ಟು ಸ್ಕ್ರೂ ತಿರುಗಿಸಿದ್ರಾ ಮಾರಾಯ್ರೇ?" ಗೋಫ್ ದನಿ ತಣ್ಣಗಿತ್ತು. "ಲೆನರ್ಡ್ ಬ್ರೂಮ್ ಇಲ್ಲಿಗೆ ಬಂದದ್ದನ್ನ ನೋಡಿದವರಿದ್ದಾರೆ. ಹೊರಗೆ ಹೋದದ್ದನ್ನ ನೋಡಿದವರಿಲ್ಲ. ನೆಲಕ್ಕೆ ಹೊಸ ಸ್ಕ್ರೂ. ಅದರ ಮೇಲೆ ಭಾರದ ತಿಗರಿ. ನಾನು ಏನಂದ್ಕೋಬೇಕು, ನೀವೇ ಹೇಳಿ."

"ನಾನಲ್ಲ! ದೇವರಾಣೆ ನಾನಲ್ಲ!" ಅವನು ಮಣ್ಣುಗೈಯಲ್ಲೇ ತಲೆ ಹಿಡಿದುಕೊಂಡ. "ಭಾನುವಾರ ನಾನು ಬಾತ್ ಊರಿನ ಸಂತೆಗೆ ಹೋಗಿದ್ದೆ. ಅಲ್ಲೇ ಸ್ನೇಹಿತನ ಮನೇಲಿ ಮಲಗಿ ಸೋಮವಾರ ಬಂದೆ. ಬಂದು ನೋಡಿದ್ರೆ ತಿಗರಿ ಇಲ್ಲಿತ್ತು. ಹೊಸ ಸ್ಕ್ರೂ ಹಾಕಿತ್ತು. ಇನ್ನೊಂದು ಬೀಗದಕೈ ಇರೋದು ಲೆನರ್ಡ್ ಹತ್ರ. ಅವನೇ ಬಂದು ನೆಲ ರಿಪೇರಿ ಮಾಡಿದ್ದಾನೆ ಅಂದ್ಕೊಂಡೆ. ತಿಗರಿನ ಒಬ್ಬನೇ ಸರಿಸೋಕೆ ಆಗಲಿಲ್ಲ, ಇಲ್ಲೇ ಕೂತು ಕೆಲಸ ಮಾಡಿದೆ. ಆಮೇಲೆ ಅವನು ಕಾಣೆಯಾಗಿದ್ದಾನೆ ಅಂತ ಗೊತ್ತಾಯ್ತು."

"ಆಗಲಾದ್ರೂ ಯಾಕೆ ಹೇಳಲಿಲ್ಲ?"

ಸ್ಲೇಡ್ ಮೇಲೆ ನೋಡಿದ. ಹಿಂದೆ ಭಕ್ತರು ಕೂರುತ್ತಿದ್ದ ಮರದ ಅಟ್ಟದ ಕಟಕಟೆಗೆ ಕಂಬಳಿ ನೇತು ಹಾಕಿತ್ತು. ಏಣಿ ಹತ್ತಿ ನೋಡಿದೆ. ಚಾಪೆ, ಸೀಮೆಎಣ್ಣೆ ಒಲೆ, ಕ್ಷೌರದ ಬ್ರಷ್ಷು, ಒಬ್ಬ ಪುಟ್ಟ ಹುಡುಗಿಯ ಫೋಟೋ.

"ಮಡಕೆ ಮಾಡೋಕೆ ಮಾತ್ರ ಕೌನ್ಸಿಲ್ ಅನುಮತಿ ಕೊಟ್ಟಿದೆ," ಅವನು ಕೆಳಗಿನಿಂದ ಹೇಳಿದ. "ವಾಸ ಮಾಡೋಕಲ್ಲ. ಪೊಲೀಸರು ಒಳಗೆ ಬಂದ್ರೆ ಇದು ಗೊತ್ತಾಗುತ್ತೆ, ನನ್ನನ್ನ ಹೊರಗೆ ಹಾಕ್ತಾರೆ. ಲಂಡನ್ನಿನ ಮನೆ ಹೆಂಡತಿಗೆ ಹೋಯ್ತು. ಇದು ಬಿಟ್ರೆ ನನಗೆ ಇನ್ನೊಂದು ಸೂರಿಲ್ಲ." ಆಮೇಲೆ ತನ್ನ ಕಾಲಕೆಳಗಿನ ನೆಲ ನೋಡಿದ. "ಅಯ್ಯೋ. ಇದರ ಮೇಲೇ ಕೂತಿದ್ನಲ್ಲ ನಾನು, ಇಷ್ಟು ದಿನ."

ಹಾರೆ, ಸ್ಕ್ರೂಡ್ರೈವರ್ ಎರವಲು ತರಲು ಪಬ್ಬಿಗೆ ಹೋಗಿ ಬಂದೆ. ತಿಗರಿಯನ್ನು ಮೂವರೂ ಸೇರಿ ತಳ್ಳಿದೆವು. ಸ್ಲೇಡ್ ಏದುಸಿರು ಬಿಡುತ್ತಿದ್ದ. ಒಬ್ಬನಿಂದ ಆಗುವ ಕೆಲಸವಲ್ಲ ಅದು. ಹಾಗಾದರೆ ಭಾನುವಾರ ಇಲ್ಲಿ ಇಬ್ಬರಿದ್ದರೇ? ಮಿಸೆಸ್ ಟಕೆಟ್ ಕಂಡದ್ದು ಒಬ್ಬನನ್ನು ಮಾತ್ರ.

ಸ್ಕ್ರೂಗಳು ಸುಲಭವಾಗಿ ಬಂದವು. ಮೊದಲ ಹಲಗೆ ಎತ್ತಿದೊಡನೆ ತಣ್ಣನೆಯ, ಕೆಟ್ಟ ಗಾಳಿ ಮುಖಕ್ಕೆ ಹೊಡೆಯಿತು. ಗೋಫ್ ಕರವಸ್ತ್ರ ಮೂಗಿಗೆ ಒತ್ತಿಕೊಂಡರು. ಸ್ಲೇಡ್ ಬಾಗಿಲ ಕಡೆ ಓಡಿದ.

ಕೊಳ ಒಣಗಿತ್ತು. ನೀಲಿ ಬಣ್ಣ ಬಳಿದ ಗೋಡೆಗಳು, ಇಳಿಯಲು ಸವೆದ ಕಲ್ಲಿನ ಮೆಟ್ಟಿಲುಗಳು. ಕೆಳಗೆ ಹಸಿರು ಕಾರ್ಡುರಾಯ್ ಕೋಟು ತೊಟ್ಟ ಒಬ್ಬ ಗಂಡಸು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ತಲೆಯ ಹಿಂಭಾಗದಲ್ಲಿ ಒಣಗಿದ ರಕ್ತ.

"ಸಿಕ್ಕಿದ," ಗೋಫ್ ಅಂದರು. ಆ ದನಿಯಲ್ಲಿ ಗೆಲುವಿರಲಿಲ್ಲ.

ಟಾರ್ಚು ಹಿಡಿದು ನಾನು ಇಳಿದೆ. ಅವನನ್ನು ಎಸೆದಿರಲಿಲ್ಲ, ಮಲಗಿಸಿದ್ದರು. ಕಾಲುಗಳನ್ನು ಜೋಡಿಸಿದ್ದರು. ತಲೆಯ ಕೆಳಗೆ ಗೋಧಿ ತೆನೆಯ ಕಸೂತಿ ಹಾಕಿದ ಒಂದು ಗಟ್ಟಿ ದಿಂಬು ಇತ್ತು. ಅಂಥವು ನಮ್ಮ ಚರ್ಚಿನಲ್ಲಿ ಮೊಣಕಾಲೂರಲೆಂದು ಬೆಂಚುಗಳ ಹಿಂದೆ ಸಾಲು ಸಾಲಾಗಿ ನೇತಾಡುತ್ತವೆ. ಊರಿನ ಹೆಂಗಸರು ಹೊಲಿದವು. ಚಾಪೆಲ್‌ನವರು ಮೊಣಕಾಲೂರುವವರಲ್ಲ. ಇದನ್ನು ಯಾರೋ ಚರ್ಚಿನಿಂದ ಇಲ್ಲಿಗೆ ತಂದಿದ್ದರು. ಕೊಂದವರು ತಂದರೇ? ಕೊಂದ ಮೇಲೆ ಸತ್ತವನ ತಲೆಗೆ ದಿಂಬು ಇಡುವಷ್ಟು ಕರುಣೆ ಯಾರಿಗಿರುತ್ತದೆ?

"ಒಳಗೆ ಬರಬೇಡಿ ಮೇಡಂ! ದಯವಿಟ್ಟು ಹೊರಗಿರಿ!" ಮೇಲೆ ಗೋಫ್ ಗಟ್ಟಿಯಾಗಿ ಹೇಳುವುದು ಕೇಳಿಸಿತು.

ಮಿಸ್ ಫ್ಲೋರಾ ಬಾಗಿಲಲ್ಲಿ ನಿಂತಿದ್ದರು. ನಾನು ಹಾರೆ ಹೊತ್ತು ಬರುವುದನ್ನು ಊರೇ ನೋಡಿರಬೇಕು.

"ನನ್ನ ತಮ್ಮನನ್ನ ನಾನು ನೋಡಬೇಕು."

"ಆಮೇಲೆ ಆಸ್ಪತ್ರೆಯಲ್ಲಿ ತೋರಿಸ್ತೀವಿ. ಈಗ ಬೇಡ."

"ನಾನು ಕೇಳ್ತಾ ಇಲ್ಲ ಇನ್ಸ್‌ಪೆಕ್ಟರೇ."

ಆರ್ಗನ್ ನುಡಿಸುವ ಆ ಸಣ್ಣ ಹೆಂಗಸು ಗೋಫ್‌ರ ಕೈ ಸರಿಸಿ, ಲಂಗದ ಅಂಚು ಎತ್ತಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ಬಂದರು. ತಡೆಯಬೇಕಿತ್ತು. ತಡೆಯಲಾಗಲಿಲ್ಲ. ಬಗ್ಗಿ ಕೋಟಿನ ಮೊಣಕೈ ಮುಟ್ಟಿದರು.

"ಇಲ್ಲಿ ಹರಿದಿತ್ತು. ನಾನೇ ಹೊಲಿದದ್ದು. ಕೋಟು ಲೆನರ್ಡ್‌ದೇ."

"ಗೊತ್ತು ಮಿಸ್ ಫ್ಲೋರಾ. ನಡೀರಿ, ಮೇಲೆ ಹೋಗೋಣ."

"ಮುಖ ಈ ಕಡೆ ತಿರುಗಿಸು ಹೆಸ್ಟರ್."

ಗೋಫ್ ಮೇಲಿನಿಂದ ಬೇಡವೆಂದು ತಲೆ ಆಡಿಸುತ್ತಿದ್ದರು. ಆದರೂ ನಾನು ಆ ಭುಜ ಹಿಡಿದು ಮೆಲ್ಲಗೆ ತಿರುಗಿಸಿದೆ. ಟಾರ್ಚಿನ ಬೆಳಕು ಮುಖದ ಮೇಲೆ ಬಿತ್ತು.

ಬಿಳಿ ಮೀಸೆ. ಹುಬ್ಬಿನ ಮೇಲೆ ಹಳೆಯ ಗಾಯದ ಗುರುತು. ಈ ಮನುಷ್ಯನನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ.

ಹಸಿರು ಕೋಟು ತೊಟ್ಟು ಒಳಗೆ ಬಂದವನು ಇವನೋ, ಲೆನರ್ಡೋ? ಸ್ಕ್ರೂ ಹಾಕಿದವರು ಯಾರು? ನಾವು ನಾಲ್ಕು ದಿನದಿಂದ ಹುಡುಕುತ್ತಿದ್ದುದು ಸತ್ತವನನ್ನೋ, ಕೊಂದವನನ್ನೋ?

ಮಿಸ್ ಫ್ಲೋರಾ ಅಳಲಿಲ್ಲ, ಕೂಗಲಿಲ್ಲ. ಟೋಪಿಯ ಪಿನ್ನು ಬಿಚ್ಚಿ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಇವರು ಲೆನರ್ಡ್ ಅಲ್ಲ."

"ಹಾಗಾದ್ರೆ ಯಾರು?" ಮೇಲಿಂದ ಗೋಫ್ ಕೇಳಿದರು.

"ನನ್ನ ಗಂಡ."

ಇಡೀ ಊರು ಅವರನ್ನು ಮಿಸ್ ಎಂದೇ ಕರೆಯುತ್ತದೆ. ಹನ್ನೆರಡು ವರ್ಷದಿಂದ ನಾನೂ ಹಾಗೇ ಕರೆದಿದ್ದೆ.

"ಮದುವೆ ಆಗಿತ್ತು ಅನ್ನೋದು ನಿಮ್ಮ ತಮ್ಮನಿಗೆ ಗೊತ್ತಿತ್ತೇ?" ಗೋಫ್ ಒಂದೊಂದೇ ಪದ ತೂಗಿ ಕೇಳಿದರು.

ಅವರು ಬಗ್ಗಿ, ತಾವೇ ಇಟ್ಟವರಂತೆ ಆ ಚರ್ಚಿನ ದಿಂಬನ್ನು ಸರಿಪಡಿಸಿ, ಸತ್ತವನ ಕೋಟಿನ ಕಾಲರನ್ನು ನೇರ ಮಾಡಿದರು.

"ಭಾನುವಾರ ಬೆಳಿಗ್ಗೆವರೆಗೂ ಗೊತ್ತಿರಲಿಲ್ಲ," ಅಂದರು. "ನಾನೇ ಹೇಳಿದೆ."